ಸಲಮಾಂಕಾದ ಮೊದಲ ಹತ್ತು ದಿನ: ಊರಿನ ಹೊತ್ತು ತಿಳಿದರೆ ಅರ್ಧ ಗೆದ್ದಂತೆ

ಪ್ರಶ್ನೆ: ನಾನು ಧಾರವಾಡದವಳು. ಒಂದು ವರ್ಷದ ವ್ಯಾಸಂಗಕ್ಕಾಗಿ ಸೆಪ್ಟೆಂಬರ್ ಮಧ್ಯದಲ್ಲಿ ಸ್ಪೇನಿನ ಸಲಮಾಂಕಾಕ್ಕೆ ಹೊರಟಿದ್ದೇನೆ. ದೇಶದಿಂದ ಹೊರಗೆ ಹೋಗುತ್ತಿರುವುದು ಇದೇ ಮೊದಲು. ಆರು ತಿಂಗಳು ಸ್ಪ್ಯಾನಿಷ್ ಕಲಿತಿದ್ದೇನೆ, ಆದರೆ ಮಾತನಾಡಲು ಧೈರ್ಯವಿಲ್ಲ. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ವಸತಿ ಇನ್ನೂ ಗೊತ್ತಾಗಿಲ್ಲ. ಅಲ್ಲಿ ಇಳಿದ ಮೇಲೆ ಮೊದಲ ಕೆಲವು ದಿನಗಳನ್ನು ಹೇಗೆ ನಿಭಾಯಿಸಬೇಕು? ಒಂಟಿತನದ ಭಯವೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಭಾಷೆ, ಊಟ, ವಸತಿ, ಒಂಟಿತನ ಎಂಬ ನಾಲ್ಕು ಆತಂಕಗಳಿವೆ. ನಾನು ಐದನೆಯದೊಂದನ್ನು ಸೇರಿಸಿ, ಅದರಿಂದಲೇ ಆರಂಭಿಸುತ್ತೇನೆ. ಅದು ಗಡಿಯಾರ. ಹಲವು ವರ್ಷಗಳಿಂದ ಸ್ಪ್ಯಾನಿಷ್ ಕಲಿಸುತ್ತ, ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸುತ್ತ ನಾನು ಕಂಡುಕೊಂಡದ್ದೇನೆಂದರೆ, ಮೊದಲ ವಾರದಲ್ಲಿ ನಮ್ಮವರನ್ನು ಕಂಗೆಡಿಸುವುದು ಭಾಷೆಗಿಂತ ಹೆಚ್ಚಾಗಿ ಆ ಊರಿನ ಹೊತ್ತು. ಹೊತ್ತು ಅರ್ಥವಾದ ದಿನ ಉಳಿದ ನಾಲ್ಕು ಆತಂಕಗಳೂ ತಮ್ಮ ಅಳತೆಗೆ ಇಳಿಯುತ್ತವೆ.

ನಾನು ವಿದ್ಯಾರ್ಥಿಯಾಗಿ ಆ ಊರಿಗೆ ಹೋದ ದಿನ ಸಂಜೆ ಆರೂವರೆಗೆ ಹೊಟ್ಟೆ ಹಸಿದು ಬೀದಿಗಿಳಿದೆ. ಉಪಾಹಾರ ಗೃಹಗಳ ಬಾಗಿಲು ತೆರೆದಿತ್ತು, ಒಳಗೆ ಜನರಿದ್ದರು, ಆದರೆ ಎಲ್ಲಿಯೂ ಊಟವಿರಲಿಲ್ಲ. ಮೂರನೆಯ ಕಡೆ ಕೇಳಿದಾಗ ಲೋಟ ಒರೆಸುತ್ತಿದ್ದವರು ಗೋಡೆಯ ಗಡಿಯಾರದ ಕಡೆ ಕೈ ತೋರಿಸಿ, ಅಡುಗೆಮನೆ ತೆರೆಯುವುದು ಒಂಬತ್ತಕ್ಕೆ ಎಂದರು. ನಾನು ಒಂದು ಪೊಟ್ಟಣ ಬಿಸ್ಕತ್ತು ಕೊಂಡು ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ತಿಂದು, ಎಂಟಕ್ಕೆ ಮಲಗಿ, ನಸುಕಿನ ಮೂರಕ್ಕೆ ಎದ್ದು ಕುಳಿತೆ. ಮರುದಿನ ಕಚೇರಿಯೊಂದಕ್ಕೆ ಮಧ್ಯಾಹ್ನ ಎರಡೂಹತ್ತಕ್ಕೆ ಹೋದರೆ ಬಾಗಿಲು ಹಾಕಿತ್ತು. ಮೂರು ದಿನ ಹೀಗೆಯೇ ಕಳೆಯಿತು. ತಪ್ಪು ಊರಿನದಲ್ಲ, ನಾನು ಧಾರವಾಡದ ಗಡಿಯಾರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗಿದ್ದೆ.

ಕನ್ನಡದಲ್ಲಿ ಹೊತ್ತು ಎಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಮುಳುಗಿತು ಎನ್ನುತ್ತೇವೆ. ಸ್ಪೇನಿನಲ್ಲಿ ಈ ಎರಡು ಅರ್ಥಗಳು ಬೇರೆಬೇರೆಯಾಗಿವೆ. ಭೂಪಟದಲ್ಲಿ ಇಂಗ್ಲೆಂಡಿನ ಸಾಲಿನಲ್ಲಿಯೇ ಇರುವ ಆ ದೇಶ 1940ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಬರ್ಲಿನ್ನಿನ ವೇಳೆಗೆ ಹೊಂದಿಸಿಕೊಂಡಿತು, ಮತ್ತೆ ಹಿಂದಕ್ಕೆ ತಿರುಗಿಸಲಿಲ್ಲ. ಬೇಸಿಗೆಯ ವೇಳೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಸಲಮಾಂಕಾ ದೇಶದ ಪಶ್ಚಿಮ ಭಾಗದಲ್ಲಿದೆ. ಅಲ್ಲಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ ಪೋರ್ಚುಗಲ್ ಗಡಿ, ಅದನ್ನು ದಾಟಿದರೆ ಗಡಿಯಾರ ಒಂದು ಗಂಟೆ ಹಿಂದೆ. ಹೀಗಾಗಿ ನೀವು ಹೋಗುವ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸೂರ್ಯ ಮೂಡುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ, ನೆತ್ತಿಗೆ ಬರುವುದು ಮಧ್ಯಾಹ್ನ ಎರಡೂಕಾಲರ ಸುಮಾರಿಗೆ. ಧಾರವಾಡದಲ್ಲಿ ಅದೇ ತಿಂಗಳು ನೆತ್ತಿಯ ಸೂರ್ಯ ಹನ್ನೆರಡೂವರೆಗೂ ಮೊದಲೇ ಸಿಗುತ್ತಾನೆ. ಸ್ಪೇನಿನವರು ಎರಡೂವರೆಗೆ ಊಟಕ್ಕೆ ಕೂರುವುದು ಸೋಮಾರಿತನವೆಂದು ನಮ್ಮವರು ನಗುವುದುಂಟು. ಸೂರ್ಯನ ಲೆಕ್ಕದಲ್ಲಿ ಅದು ನಿಮ್ಮ ಮನೆಯ ಹನ್ನೆರಡೂ ಮುಕ್ಕಾಲರ ಊಟವೇ. ರಾತ್ರಿ ಒಂಬತ್ತೂವರೆಯ ಊಟ ನಮ್ಮ ಏಳೂವರೆಯ ಊಟ. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಊರು ವಿಚಿತ್ರವಾಗಿ ಕಾಣುವುದಿಲ್ಲ.

ದಿನದ ಬಗೆ ಹೀಗಿರುತ್ತದೆ. ಬೆಳಿಗ್ಗೆ ಕಾಫಿ ಮತ್ತು ಒಂದು ತುಂಡು ಬ್ರೆಡ್ಡು ಬಿಟ್ಟರೆ ಹೆಚ್ಚಿಗೆ ಏನೂ ಇಲ್ಲ. ಹನ್ನೊಂದರ ಸುಮಾರಿಗೆ ಎಲ್ಲರೂ ಕೆಲಸ ಬಿಟ್ಟು ಇನ್ನೊಂದು ಕಾಫಿಗೆ ಹೋಗುತ್ತಾರೆ, ನಿಮ್ಮ ಪ್ರಾಧ್ಯಾಪಕರೂ ಹೋಗುತ್ತಾರೆ. ದಿನದ ದೊಡ್ಡ ಊಟ ಎರಡರಿಂದ ಮೂರೂವರೆಯೊಳಗೆ. ಸಣ್ಣ ಅಂಗಡಿಗಳು ಎರಡಕ್ಕೆ ಮುಚ್ಚಿ ಐದಕ್ಕೆ ತೆರೆಯುತ್ತವೆ, ದೊಡ್ಡ ಸೂಪರ್‌ಮಾರ್ಕೆಟ್‌ಗಳು ದಿನವಿಡೀ ತೆರೆದಿದ್ದರೂ ಭಾನುವಾರ ಬಹುಪಾಲು ಮುಚ್ಚಿರುತ್ತವೆ. ಸರ್ಕಾರಿ ಕಚೇರಿ ಮತ್ತು ಬ್ಯಾಂಕಿನ ಕೆಲಸವೆಂದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರೊಳಗೆ, ಅಷ್ಟೇ. ಆದ್ದರಿಂದ ಕಾಗದಪತ್ರದ ಕೆಲಸಗಳನ್ನೆಲ್ಲ ಬೆಳಿಗ್ಗೆಗೆ, ಮನೆ ನೋಡುವುದನ್ನು ಸಂಜೆ ಆರರ ನಂತರಕ್ಕೆ, ಸಾಮಾನು ಕೊಳ್ಳುವುದನ್ನು ಶನಿವಾರದೊಳಗೆ ಎಂದು ಹಂಚಿಕೊಳ್ಳಿ. ಶನಿವಾರ ರಾತ್ರಿ ಇಳಿಯುವಂತೆ ಟಿಕೆಟ್ ತೆಗೆಯಬೇಡಿ. ಭಾನುವಾರ ಮುಚ್ಚಿದ ಬಾಗಿಲುಗಳ ಊರು ನೋಡಿದರೆ ಎದೆ ಒಡೆಯುತ್ತದೆ. ಮಂಗಳವಾರ ಅಥವಾ ಬುಧವಾರ ಇಳಿಯುವುದು ಒಳ್ಳೆಯದು.

ನೀವು ದುಬೈ ಅಥವಾ ದೋಹಾ ಮೂಲಕ ಹೋದರೆ ವಲಸೆ ತಪಾಸಣೆ ಮ್ಯಾಡ್ರಿಡ್‌ನಲ್ಲಿಯೇ ನಡೆಯುತ್ತದೆ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಹೋದರೆ ಆ ತಪಾಸಣೆ ಅಲ್ಲಿಯೇ ಮುಗಿದಿರುತ್ತದೆ, ಮ್ಯಾಡ್ರಿಡ್‌ನಲ್ಲಿ ಸಾಮಾನ್ಯವಾಗಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಆಗ ನೀವು ಸ್ಪೇನಿಗೆ ಯಾವ ದಿನ ಕಾಲಿಟ್ಟಿರಿ ಎಂಬುದಕ್ಕೆ ಕೈಯಲ್ಲಿರುವ ಸಾಕ್ಷಿ ಬೋರ್ಡಿಂಗ್ ಪಾಸ್ ಒಂದೇ. ಅದನ್ನು ಕಸದ ಬುಟ್ಟಿಗೆ ಹಾಕದೆ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮ್ಯಾಡ್ರಿಡ್‌ನ ಬರಾಹಾಸ್ ನಿಲ್ದಾಣದ ಒಂದನೆಯ ಟರ್ಮಿನಲ್‌ನಿಂದ ಸಲಮಾಂಕಾಕ್ಕೆ ನೇರ ಬಸ್ಸಿದೆ, ಸುಮಾರು ಮೂರು ಗಂಟೆಯ ದಾರಿ. ರೈಲಿನಲ್ಲಿ ಹೋಗುವುದಾದರೆ ಊರೊಳಗಿನ ಚಮಾರ್ತಿನ್ ನಿಲ್ದಾಣಕ್ಕೆ ಹೋಗಬೇಕು. ವೇಗದ ರೈಲು ಎರಡು ಗಂಟೆಯೊಳಗೆ ತಲುಪಿಸುತ್ತದೆ ನಿಜ, ಆದರೆ ಎರಡು ದೊಡ್ಡ ಪೆಟ್ಟಿಗೆಗಳೊಡನೆ ಹೊಸಬರಿಗೆ ಬಸ್ಸೇ ಸುಲಭ. ಗ್ವಾದರ್ರಾಮಾ ಬೆಟ್ಟಸಾಲು ದಾಟಿದ ಮೇಲೆ ಕಿಟಕಿಯ ಹೊರಗೆ ಬಯಲು ತೆರೆದುಕೊಳ್ಳುತ್ತದೆ. ಕೊಯ್ಲಾದ ಗೋಧಿಯ ಹಳದಿ ಕೂಳೆ, ದೂರಕ್ಕೊಂದು ಮರ, ಊರಿಗೊಂದು ಗೋಪುರ. ನವಲಗುಂದದ ಕಡೆಯ ಬಯಲನ್ನು ಬಲ್ಲವರಿಗೆ ಅದು ತೀರ ಪರದೇಶವೆನಿಸುವುದಿಲ್ಲ, ಮಣ್ಣಿನ ಬಣ್ಣ ಮಾತ್ರ ಬೇರೆ.

ಮೊದಲ ರಾತ್ರಿಯ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಅಲ್ಲಿನ ಕಿಟಕಿಗಳಿಗೆ ಪೆರ್ಸಿಯಾನಾ ಎಂಬ ಸುರುಳಿ ಪರದೆ ಇರುತ್ತದೆ, ನಮ್ಮ ಅಂಗಡಿಗಳ ಶಟರ್‌ನ ತಂಗಿ ಎನ್ನಬಹುದು. ಪಟ್ಟಿ ಎಳೆದು ಪೂರ್ತಿ ಇಳಿಸಿದರೆ ಕೋಣೆ ಹಗಲಿನಲ್ಲಿಯೂ ಕಗ್ಗತ್ತಲು. ಆಯಾಸದಲ್ಲಿ ಹಾಗೆ ಮಲಗಿದವರು ಮರುದಿನ ಮಧ್ಯಾಹ್ನ ಒಂದಕ್ಕೆ ಏಳುತ್ತಾರೆ, ಕಚೇರಿಗಳು ಮುಚ್ಚುವ ಹೊತ್ತಿಗೆ. ಒಂದು ಗೇಣು ಬೆಳಕು ಬರುವಷ್ಟು ಪರದೆಯನ್ನು ಎತ್ತಿ ಮಲಗಿ. ಸೆಪ್ಟೆಂಬರ್‌ನಲ್ಲಿ ಭಾರತಕ್ಕೂ ಅಲ್ಲಿಗೂ ಮೂರೂವರೆ ಗಂಟೆಯ ಅಂತರ ಮಾತ್ರ. ಮೊದಲೆರಡು ದಿನ ರಾತ್ರಿ ಹತ್ತೂವರೆಯವರೆಗೆ ಹೇಗಾದರೂ ಎಚ್ಚರವಾಗಿದ್ದರೆ ದೇಹ ತಾನೇ ದಾರಿಗೆ ಬರುತ್ತದೆ.

ವಸತಿಯ ಬಗ್ಗೆ ನನ್ನ ಸಲಹೆ ಒಂದೇ: ಇಲ್ಲಿಂದಲೇ ಕೋಣೆ ಗೊತ್ತುಮಾಡಿ ಮುಂಗಡ ಕಳುಹಿಸಬೇಡಿ. ಮೊದಲ ಒಂದು ವಾರಕ್ಕೆ ವಿದ್ಯಾರ್ಥಿನಿಲಯ ಅಥವಾ ಸಾಧಾರಣ ಹಾಸ್ಟೆಲ್ ಕಾಯ್ದಿರಿಸಿ, ಅಲ್ಲಿ ಹೋದ ಮೇಲೆ ಕಣ್ಣಾರೆ ನೋಡಿ ತೀರ್ಮಾನಿಸಿ. ಸಲಮಾಂಕಾ ವಿದ್ಯಾರ್ಥಿಗಳಿಂದಲೇ ಬದುಕುವ ಊರು. ವಿಭಾಗಗಳ ಸೂಚನಾ ಫಲಕಗಳಲ್ಲಿ, ದೀಪದ ಕಂಬಗಳಲ್ಲಿ ಕೋಣೆ ಬಾಡಿಗೆಗಿದೆ ಎಂಬ ಚೀಟಿಗಳು ತೂಗುತ್ತಿರುತ್ತವೆ. ಮೂರು ನಾಲ್ಕು ಜನ ಸೇರಿ ಒಂದು ಮನೆ ಹಂಚಿಕೊಳ್ಳುವುದು ಅಲ್ಲಿನ ರೂಢಿ. ಮನೆಗೆ ಕಾನೂನಿನ ಪ್ರಕಾರ ಕೊಡಬೇಕಾದ ಠೇವಣಿ ಒಂದು ತಿಂಗಳ ಬಾಡಿಗೆ, ಅದನ್ನು ಫಿಯಾನ್ಸಾ ಎನ್ನುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕೇಳಿ ಅಭ್ಯಾಸವಾದವರಿಗೆ ಇದು ನೆಮ್ಮದಿಯ ಸಂಗತಿ. ಕೋಣೆ ನೋಡುವಾಗ ಚೆಂದಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಿ. ಮನೆ ಬೆಚ್ಚಗಿಡುವ ವ್ಯವಸ್ಥೆ ಯಾವುದು ಮತ್ತು ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ? ಕೋಣೆಯ ಕಿಟಕಿ ಬೀದಿಗೆ ತೆರೆಯುತ್ತದೆಯೋ ಕಟ್ಟಡದ ಒಳಗಿನ ಬಾವಿಯಂಥ ಅಂಗಳಕ್ಕೋ? ಬಾಡಿಗೆ ಕರಾರನ್ನು ಬರೆದುಕೊಟ್ಟು, ನಿಮ್ಮ ಹೆಸರನ್ನು ಆ ವಿಳಾಸದಲ್ಲಿ ನೋಂದಾಯಿಸಲು ಒಪ್ಪುತ್ತಾರೆಯೇ? ಸೆಪ್ಟೆಂಬರ್‌ನ ಹಿತವಾದ ಬಿಸಿಲಿನಲ್ಲಿ ಮೊದಲ ಪ್ರಶ್ನೆ ಹಾಸ್ಯಾಸ್ಪದವೆನಿಸಬಹುದು, ಆದರೆ ಊರು ಸಮುದ್ರಮಟ್ಟದಿಂದ 800 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ, ಡಿಸೆಂಬರ್‌ನ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಕೆಲವು ಹಳೆಯ ಮನೆಗಳಲ್ಲಿ ಇನ್ನೂ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್ ಬಳಸುತ್ತಾರೆ. ಅದನ್ನು ಕಂಡರೆ ಗಾಬರಿಯಾಗಬೇಡಿ. ರೆಗ್ಯುಲೇಟರ್ ತಿರುಗಿಸಲು ಹೆದರುವ ಯುರೋಪಿನ ಸಹವಾಸಿಗಳ ನಡುವೆ ನೀವೇ ಆ ವಿಷಯದ ಪಂಡಿತೆಯಾಗುತ್ತೀರಿ.

ಮೂರನೆಯ ಪ್ರಶ್ನೆ ಏಕೆ ಮುಖ್ಯವೆಂದರೆ, ಕಾಗದಪತ್ರಗಳ ಸರಪಳಿ ಅಲ್ಲಿಂದಲೇ ಶುರುವಾಗುತ್ತದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಇರುವ ವಿದ್ಯಾರ್ಥಿಗಳು ದೇಶದೊಳಗೆ ಬಂದ ಒಂದು ತಿಂಗಳಲ್ಲಿ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅದರ ಪೂರ್ಣ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ತಿಯೆ ಎನ್ನುತ್ತಾರೆ. ವಿದೇಶಿಯರಿಗೆ ಕೊಡುವ ಗುರುತಿನ ಸಂಖ್ಯೆಯ ಹೆಸರು ನಿಯೆ, ಅದು ಸಾಮಾನ್ಯವಾಗಿ ವೀಸಾದ ಮೇಲೆಯೇ ಅಚ್ಚಾಗಿರುತ್ತದೆ. ಸಂಖ್ಯೆ ಬೇರೆ, ಚೀಟಿ ಬೇರೆ ಎಂಬುದನ್ನು ಮರೆತವರು, ಸಂಖ್ಯೆ ಇದೆಯಲ್ಲ ಎಂದು ಸುಮ್ಮನಿದ್ದು ಗಡುವು ಮೀರಿಸಿಕೊಂಡದ್ದನ್ನು ನೋಡಿದ್ದೇನೆ. ಚೀಟಿಗೆ ಮೊದಲು ನಗರಸಭೆಯಲ್ಲಿ ವಿಳಾಸ ನೋಂದಣಿ ಮಾಡಿಸಿಕೊಳ್ಳಿ. ಇದರ ಹೆಸರು ಎಂಪಾದ್ರೊನಾಮಿಯೆಂತೊ, ಬಾಯಿ ತಿರುಗದಿದ್ದರೆ ಪಾದ್ರೋನ್ ಎಂದರೂ ಸಾಕು. ಬಾಡಿಗೆ ಕರಾರು ಬೇಕಾಗುವುದು ಇಲ್ಲಿಯೇ. ಆಮೇಲೆ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಲು ಮುಂಗಡ ಸಮಯ ಪಡೆಯಬೇಕು. ಇದಕ್ಕೆ ಸೀತಾ ಪ್ರೇವಿಯಾ ಎನ್ನುತ್ತಾರೆ, ನಮ್ಮ ಸೀತೆಗೂ ಇದಕ್ಕೂ ಸಂಬಂಧವಿಲ್ಲ, ಕಾಯಿಸುವ ಗುಣ ಮಾತ್ರ ಅಶೋಕವನದ್ದು. ಮನೆ ಖಚಿತವಾದ ದಿನವೇ ಈ ಸಮಯಕ್ಕೆ ಪ್ರಯತ್ನ ಶುರುಮಾಡಿ, ಸಿಗದಿದ್ದರೆ ದಿನವೂ ಬೆಳಿಗ್ಗೆ ಮತ್ತೆ ನೋಡುತ್ತಿರಿ. ಗೊತ್ತಾದ ದಿನಕ್ಕೆ ಇಎಕ್ಸ್-17 ನಮೂನೆ, 790-012 ಎಂಬ ಶುಲ್ಕದ ನಮೂನೆಯನ್ನು ಬ್ಯಾಂಕಿನಲ್ಲಿ ಕಟ್ಟಿದ ರಸೀದಿ, ಪಾಸ್‌ಪೋರ್ಟ್, ವೀಸಾ ಮತ್ತು ಎಲ್ಲದರ ಪ್ರತಿಗಳನ್ನು ಒಯ್ಯಿರಿ.

ಒಂದು ಸಣ್ಣ ಸಂಗತಿಯಲ್ಲಿ ಬಹಳ ಮಂದಿ ಎಡವುತ್ತಾರೆ. ಇಲ್ಲಿ ವೀಸಾಕ್ಕೆ ತೆಗೆಸಿದ ಭಾವಚಿತ್ರ 35 ಗುಣಿಸು 45 ಮಿಲಿಮೀಟರ್ ಅಳತೆಯದು, ಅಲ್ಲಿನ ಗುರುತಿನ ಚೀಟಿಗೆ ಬೇಕಾದದ್ದು 32 ಗುಣಿಸು 26. ನಮ್ಮ ಹುಡುಗನೊಬ್ಬ ಉಳಿದಿದ್ದ ಎಂಟು ಪ್ರತಿಗಳನ್ನು ಹೆಮ್ಮೆಯಿಂದ ಒಯ್ದಿದ್ದ, ಅವನನ್ನು ಕಿಟಕಿಯಿಂದಲೇ ಹಿಂದೆ ಕಳುಹಿಸಿದರು. ಕತ್ತರಿಯಲ್ಲಿ ಕತ್ತರಿಸಿದರೆ ಮುಖದ ಅಳತೆ ಹೊಂದುವುದಿಲ್ಲ. ಅಲ್ಲಿಯೇ ಫೋಟೋ ಅಂಗಡಿಯಲ್ಲಿ ಗುರುತಿನ ಚೀಟಿಯ ಅಳತೆಗೆ ಕಾರ್ನೆ ಎಂದು ಕೇಳಿ ತೆಗೆಸಿಕೊಳ್ಳಿ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಭಾರತೀಯ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲ್ತಿಯಲ್ಲಿರುವುದಿಲ್ಲ, ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದ ಅದನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ಒಟಿಪಿ ಬರುವುದು ಭಾರತದ ಸಿಮ್‌ಗೆ, ಆದ್ದರಿಂದ ರೋಮಿಂಗ್ ಅನ್ನು ಇಲ್ಲಿರುವಾಗಲೇ ಚಾಲೂ ಮಾಡಿಸಿ. ಈ ಎರಡನ್ನು ಮರೆತು ಅಲ್ಲಿಂದ ಸರಿಪಡಿಸಲು ಹೊರಟರೆ ವಾರ ಹಿಡಿಯುತ್ತದೆ. ಸ್ಪೇನಿನ ಪ್ರಿಪೇಯ್ಡ್ ಸಿಮ್ ಪಾಸ್‌ಪೋರ್ಟ್ ತೋರಿಸಿದರೆ ಸಿಗುತ್ತದೆ. ಮೊದಲ ವಾರಕ್ಕೆ ಸ್ವಲ್ಪ ಯೂರೋ ನೋಟುಗಳು, ಅದರಲ್ಲೂ ಹತ್ತು ಇಪ್ಪತ್ತರವು, ಕೈಯಲ್ಲಿರಲಿ. ಔಷಧಿ ಹಸಿರು ಶಿಲುಬೆಯ ಗುರುತಿರುವ ಔಷಧಾಲಯಗಳಲ್ಲಿ ಮಾತ್ರ ಸಿಗುತ್ತದೆ. ರಾತ್ರಿ ತೆರೆದಿರುವ ಸರದಿ ಯಾರದೆಂದು ಮುಚ್ಚಿದ ಅಂಗಡಿಯ ಬಾಗಿಲ ಮೇಲೆಯೇ ಬರೆದಿರುತ್ತಾರೆ. ತುರ್ತಿಗೆ ಎಲ್ಲಕ್ಕೂ ಒಂದೇ ಸಂಖ್ಯೆ, 112.

ಈಗ ಊಟ. ನಿಮ್ಮಂಥ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗೆ ಸಲಮಾಂಕಾ ಸುಲಭದ ಊರಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಹತ್ತಿರದ ಗಿಹುವೆಲೊ ಹಂದಿಮಾಂಸಕ್ಕೆ ದೇಶದಲ್ಲೆಲ್ಲ ಹೆಸರಾದ ಊರು, ಈ ಪ್ರಾಂತ್ಯದ ಹೆಮ್ಮೆಯ ತಿನಿಸಾದ ಓರ್ನಾಸೊ ಮಾಂಸ ತುಂಬಿದ ಕಡುಬು. ತೊಡಕು ಮಾಂಸ ತಿನ್ನುವವರು ಹೆಚ್ಚೆಂಬುದರಲ್ಲಿ ಇಲ್ಲ, ಮಾಂಸಕ್ಕೆ ಅವರು ಬಳಸುವ ಕಾರ್ನೆ ಎಂಬ ಪದದ ಅರ್ಥದಲ್ಲಿದೆ. ಭಾವಚಿತ್ರದ ಕಾರ್ನೆಯ ಕೊನೆಯನ್ನು ಒತ್ತಿ ಹೇಳುತ್ತಾರೆ, ಮಾಂಸದ ಕಾರ್ನೆಯ ಮೊದಲನ್ನು. ಮಾಂಸವಿಲ್ಲದ್ದು ಬೇಕು ಎಂದರೆ ದೊಡ್ಡ ತುಂಡು ಮಾಂಸವಿಲ್ಲದ್ದು ಎಂದು ಅನೇಕರು ತಿಳಿಯುತ್ತಾರೆ. ಹಮೋನ್ ಎಂಬ ಒಣಗಿಸಿದ ಹಂದಿಮಾಂಸದ ಚೂರು, ಅತೂನ್ ಎಂಬ ಟ್ಯೂನಾ ಮೀನು ಆ ಲೆಕ್ಕಕ್ಕೆ ಬರುವುದೇ ಇಲ್ಲ. ನಾನು ಮೊದಲ ವಾರ ಮಿಶ್ರ ತರಕಾರಿಯ ಸಲಾಡ್ ಎಂದು ತರಿಸಿದ ತಟ್ಟೆಯ ನಡುವೆ ಮೀನಿನ ದಿಬ್ಬವಿತ್ತು. ಮಾಂಸ ಬೇಡವೆಂದಿದ್ದೆನಲ್ಲ ಎಂದರೆ ಬಡಿಸಿದವರು ನಿಜವಾದ ಆಶ್ಚರ್ಯದಿಂದ, ಇದು ಮಾಂಸವಲ್ಲವಲ್ಲ, ಅತೂನ್ ಎಂದರು. ಆದ್ದರಿಂದ ನೀವು ಸಸ್ಯಾಹಾರಿ ಎಂಬ ಪದವನ್ನು ನಂಬಿಕೊಳ್ಳದೆ ಬೇಡದ್ದನ್ನೆಲ್ಲ ಹೆಸರಿಸಿ. ‘ನೋ ಕೋಮೊ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೊ, ನಿ ಅತೂನ್, ನಿ ವೆವೊ’ ಎಂಬ ವಾಕ್ಯವನ್ನು ವಿಮಾನದಲ್ಲಿಯೇ ಬಾಯಿಪಾಠ ಮಾಡಿಕೊಳ್ಳಿ. ಕೊನೆಯ ಪದ ಮೊಟ್ಟೆ. ಬೇಳೆಯ ಸಾರು ಕಂಡು ಹಿಗ್ಗಬೇಡಿ, ಅಲ್ಲಿ ಬೇಳೆಯನ್ನು ಹಂದಿಮಾಂಸದ ಚೊರೀಸೊ ಜೊತೆ ಬೇಯಿಸುವುದೇ ಪದ್ಧತಿ. ತೋರ್ತಿಯಾ ಎಂಬ ಆಲೂಗಡ್ಡೆಯ ರೊಟ್ಟಿಯಲ್ಲಿ ಮೊಟ್ಟೆಯೇ ಮೂಲ. ಕ್ರಿಸ್ಮಸ್ ಹತ್ತಿರವಾದಾಗ ಎಲ್ಲರೂ ಕೊಡುವ ಪೊಲ್ವೊರೋನ್ ಎಂಬ ಪುಡಿಪುಡಿ ಸಿಹಿ ಬಹುತೇಕ ಹಂದಿಯ ಕೊಬ್ಬಿನಲ್ಲಿ ಮಾಡಿದ್ದು. ಕಟ್ಟುನಿಟ್ಟಿನವರಾದರೆ ಹಳೆಯ ರೀತಿಯ ಚೀಸುಗಳಲ್ಲಿ ಪ್ರಾಣಿಯ ಹೊಟ್ಟೆಯ ಹೆಪ್ಪು ಬಳಸುತ್ತಾರೆ ಎಂಬುದನ್ನೂ ತಿಳಿದಿರಿ.

ಹಾಗಾದರೆ ತಿನ್ನುವುದೇನು? ಬೆಳಿಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ ಮತ್ತು ಆಲಿವ್ ಎಣ್ಣೆ ಹಚ್ಚಿ, ಚಿಟಿಕೆ ಉಪ್ಪು ಉದುರಿಸಿ ಕೊಡುತ್ತಾರೆ. ನಾನು ಇಂದಿಗೂ ಮನೆಯಲ್ಲಿ ಅದನ್ನೇ ಮಾಡಿಕೊಂಡು ತಿನ್ನುತ್ತೇನೆ. ಪಿಮಿಯೆಂತೊಸ್ ದೆ ಪಾದ್ರೋನ್ ಎಂದು ಸಣ್ಣ ಹಸಿರು ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಹಾಕಿ ಕೊಡುತ್ತಾರೆ. ಕೆಲವು ಖಾರ, ಕೆಲವು ಸಪ್ಪೆ ಎಂದು ಅವರೇ ಎಚ್ಚರಿಸುತ್ತಾರೆ, ನಮ್ಮ ನಾಲಿಗೆಗೆ ಆ ಎಚ್ಚರಿಕೆ ಬೇಕಿಲ್ಲ. ಪಿಸ್ತೊ ಎಂಬ ಬದನೆ, ದೊಣ್ಣೆಮೆಣಸು, ಟೊಮೆಟೊಗಳ ಗೊಜ್ಜು ಇದೆ, ಮೇಲೆ ಮೊಟ್ಟೆ ಹಾಕಬೇಡಿ ಎನ್ನಬೇಕು ಅಷ್ಟೇ. ಆದರೂ ವಾರದ ಬಹುಪಾಲು ನೀವು ಅಡುಗೆ ಮಾಡಿಕೊಳ್ಳಲೇಬೇಕು. ಪ್ಲಾಸಾ ಮಯೋರ್ ಎಂಬ ಮುಖ್ಯ ಚೌಕದ ಪಕ್ಕದ ಕೇಂದ್ರ ಮಾರುಕಟ್ಟೆಯಲ್ಲಿ ತರಕಾರಿ ಚೆನ್ನಾಗಿರುತ್ತದೆ. ಅಕ್ಕಿ, ಕಡಲೆ, ಬೇಳೆ, ಮೊಸರು ಎಲ್ಲ ಸೂಪರ್‌ಮಾರ್ಕೆಟ್‌ನಲ್ಲಿವೆ. ಸಾಂಬಾರ ಪದಾರ್ಥಗಳಿಗೆ ಮ್ಯಾಡ್ರಿಡ್‌ನ ಲವಾಪಿಯೆಸ್ ಬಡಾವಣೆಯ ಅಂಗಡಿಗಳಿವೆ.

ಪೆಟ್ಟಿಗೆಗೆ ಏನು ತುಂಬಬೇಕೆಂದು ಮನೆಯವರು ಈಗಾಗಲೇ ಪಟ್ಟಿ ಮಾಡಿರುತ್ತಾರೆ. ಅದರಿಂದ ತುಪ್ಪವನ್ನು ತೆಗೆದುಹಾಕಿ, ಏಕೆಂದರೆ ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರದೇಶಗಳಿಂದ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಪ್ರಯಾಣಿಕರು ತರುವಂತಿಲ್ಲ. ಧಾರವಾಡದವರಿಗೆ ಇದನ್ನು ಹೇಳಲು ಸಂಕಟವಾಗುತ್ತದೆ, ಪೇಡೆಯೂ ಖೋವಾದಿಂದ ಆದದ್ದು, ತಪಾಸಣೆಯಲ್ಲಿ ಕಳೆದುಕೊಳ್ಳುವ ಬದಲು ಹೊರಡುವ ಮುನ್ನ ತಿಂದು ಮುಗಿಸಿ. ಹಸಿ ಕರಿಬೇವನ್ನೂ ಒಯ್ಯುವಂತಿಲ್ಲ. ಹಸಿ ಗಿಡ, ಸೊಪ್ಪು, ಹಣ್ಣುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅದರಿಂದ ವಿನಾಯಿತಿ ಪಡೆದ ಐದೇ ಹಣ್ಣುಗಳಲ್ಲಿ ತೆಂಗಿನಕಾಯಿ ಮತ್ತು ಬಾಳೆಹಣ್ಣು ಇವೆ ಎಂಬುದು ಪೂಜೆಗೆ ಅನುಕೂಲ, ಊಟಕ್ಕೆ ಅಷ್ಟೇನಿಲ್ಲ. ಚಟ್ನಿಪುಡಿ, ಸಾರಿನ ಪುಡಿ, ಗಟ್ಟಿಯಾಗಿ ಮುಚ್ಚಿದ ಉಪ್ಪಿನಕಾಯಿಗೆ ಅಡ್ಡಿಯಿಲ್ಲ. ಕುಕ್ಕರ್ ಒಯ್ಯುವುದಾದರೆ ತಳ ಸಮತಟ್ಟಾದ ಸ್ಟೀಲಿನದನ್ನು ಒಯ್ಯಿರಿ. ಅಲ್ಲಿನ ಒಲೆ ಹೆಚ್ಚಾಗಿ ಗಾಜಿನ ಹಾಸಿನ ವಿದ್ಯುತ್ ಒಲೆ, ಇಂಡಕ್ಷನ್ ಆಗಿದ್ದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗುವುದೇ ಇಲ್ಲ. ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ಮೊಬೈಲ್ ಚಾರ್ಜರಿನ ತೆಳು ಎರಡು ಕಡ್ಡಿಯ ಪ್ಲಗ್ ಸರಿಹೊಂದುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.

ಭಾಷೆಯ ವಿಷಯದಲ್ಲಿ ನಿಮಗೆ ಧೈರ್ಯವಿಲ್ಲ ಎಂದಿದ್ದೀರಿ. ಕನ್ನಡಿತಿಯಾಗಿ ನಿಮಗಿರುವ ಅನುಕೂಲ ಇಂಗ್ಲಿಷರಿಗೂ ಇಲ್ಲ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಿಗೆ ಬಹಳ ಹತ್ತಿರದವು, ಬರೆದಂತೆಯೇ ಓದುವ ಭಾಷೆ ಅದು. ಅವರ ತ ಮತ್ತು ದ ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವಂಥವು, ಮಹಾಪ್ರಾಣವಿಲ್ಲ, ನಮ್ಮ ತ ದ ಗಳೇ. ತೊಂದರೆಯೆಂದರೆ ನಾವು ಸ್ಪ್ಯಾನಿಷ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿ, ಇಂಗ್ಲಿಷಿನ ಅಭ್ಯಾಸದಿಂದ ಟೊಮಾಟೆ, ಡೋಂಡೆ ಎಂದು ಓದುತ್ತೇವೆ. ತೊಮಾತೆ, ದೋಂದೆ ಎನ್ನಿ, ಎದುರಿನವರ ಹುಬ್ಬು ಸಡಿಲವಾಗುತ್ತದೆ. ನಾನು ತರಗತಿಯಲ್ಲಿ ಮೊದಲ ತಿಂಗಳು ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಸುತ್ತೇನೆ. ಎಪ್ಪತ್ತು ಕಡೆ ತಪ್ಪುವ ಉಚ್ಚಾರಣೆ ಏಳಕ್ಕೆ ಇಳಿಯುತ್ತದೆ. ಉಳಿಯುವ ಕಷ್ಟ ಎರಡು ಮೂರು: ಸೀತಾದಲ್ಲಿನ ಮೊದಲ ಧ್ವನಿಯನ್ನು ಆ ಭಾಗದವರು ಹಲ್ಲುಗಳ ನಡುವೆ ನಾಲಿಗೆಯಿಟ್ಟು ಉಸುರುತ್ತಾರೆ, ಹಮೋನ್‌ನ ಹ ಗಂಟಲಿನಿಂದ ಉಜ್ಜಿಕೊಂಡು ಬರುತ್ತದೆ. ಮನೆಯಲ್ಲಿ ಹಿರಿಯರಿಗೆ ನೀವು, ಗೆಳತಿಗೆ ನೀನು ಎನ್ನುವ ಭಾಷೆಯವರಾದ್ದರಿಂದ ಉಸ್ತೆದ್ ಮತ್ತು ತೂಗಳ ಭೇದ ನಿಮಗೆ ಹೊಸದಲ್ಲ. ಆದರೆ ಅಲ್ಲಿ ತೂ ಬಹಳ ಬೇಗ ಬರುತ್ತದೆ. ಪ್ರಾಧ್ಯಾಪಕರೇ ನೀನು ಎನ್ನು ಎಂದರೆ ಸಂಕೋಚಪಡದೆ ಎನ್ನಿ.

ಧೈರ್ಯ ಬರುವುದು ದೊಡ್ಡ ಸಂಭಾಷಣೆಯಿಂದಲ್ಲ. ಅಂಗಡಿಗೆ ಹೊಕ್ಕ ಕೂಡಲೇ, ಲಿಫ್ಟಿನಲ್ಲಿ ಅಪರಿಚಿತರನ್ನು ಕಂಡ ಕೂಡಲೇ ಬುಯೆನಾಸ್ ಎನ್ನುವುದು ಅಲ್ಲಿನ ಮರ್ಯಾದೆ, ಏನೂ ಹೇಳದೆ ನೇರವಾಗಿ ಬೇಕಾದ್ದನ್ನು ಕೇಳುವುದು ಒರಟುತನ. ಹೊರಡುವಾಗ ಆಸ್ತಾ ಲುವೆಗೊ ಎನ್ನುತ್ತಾರೆ. ಮತ್ತೆ ಸಿಗುವವರೆಗೆ ಎಂದು ಅದರ ಅರ್ಥ, ಯಾರೂ ಮತ್ತೆ ಸಿಗುವುದಿಲ್ಲ. ಬಾಗಿಲು ದಾಟುತ್ತ ಬರ್ತೇನೆ ಎನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂಟಿತನಕ್ಕೆ ಆ ಊರಿನ ಮದ್ದು ಸಂಜೆಯ ಎಂಟರ ಹೊತ್ತು. 1755ರಲ್ಲಿ ಮುಗಿದ ಪ್ಲಾಸಾ ಮಯೋರ್ ಚೌಕ ಹತ್ತಿರದ ಊರಾದ ವಿಲ್ಯಾಮಯೋರ್‌ನ ಕಲ್ಲಿನಿಂದ ಕಟ್ಟಿದ್ದು, ಆ ಕಲ್ಲು ಹೊಸದರಲ್ಲಿ ಬೆಣ್ಣೆಯಂತೆ ಕೆತ್ತನೆಗೆ ಒಗ್ಗಿ, ಗಾಳಿಗೆ ಒಣಗುತ್ತ ಗಟ್ಟಿಯಾಗಿ, ಮುಳುಗುವ ಹೊತ್ತಿನಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆಗ ಊರಿಗೆ ಊರೇ ಅಲ್ಲಿ ಸುಮ್ಮನೆ ಅಡ್ಡಾಡುತ್ತಿರುತ್ತದೆ, ಅಜ್ಜಿಯರು ತೋಳು ಹಿಡಿದುಕೊಂಡು, ಮಕ್ಕಳು ಚೆಂಡಿನೊಡನೆ, ವಿದ್ಯಾರ್ಥಿಗಳು ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ. ಎಲ್ಲಿ ಸಿಗೋಣ ಎಂದರೆ ಗಡಿಯಾರದ ಕೆಳಗೆ ಎಂಬುದೇ ಉತ್ತರ, ಹೆಚ್ಚಿನ ವಿಳಾಸ ಬೇಡ. ನೀವು ಹೋಗುವ ದಿನಗಳ ಸುಮಾರಿಗೆ ಊರಿನ ಸೆಪ್ಟೆಂಬರ್ ಜಾತ್ರೆ ನಡೆಯುತ್ತದೆ, ಬೀದಿಗಳಲ್ಲಿ ತಿಂಡಿಯ ಗೂಡಂಗಡಿಗಳು ಇರುತ್ತವೆ. ಕೋಣೆಯಲ್ಲಿ ಕುಳಿತು ಫೋನ್ ನೋಡುವ ಬದಲು ಮೊದಲ ಹತ್ತು ದಿನ ಈ ಹೊತ್ತನ್ನು ಚೌಕದಲ್ಲಿಯೇ ಕಳೆಯಿರಿ. ಮೂರನೆಯ ಸಂಜೆಗೆ ಗುರುತಿನ ಮುಖಗಳು ಕಾಣಿಸುತ್ತವೆ.

ಹಗಲಿನ ಒಂಟಿ ಹೊತ್ತಿಗೆ ವಿಶ್ವವಿದ್ಯಾಲಯದ ಹಳೆಯ ಕಟ್ಟಡವಿದೆ. 1218ರಲ್ಲಿ ಲೆಯೋನ್‌ನ ಒಂಬತ್ತನೆಯ ಅಲ್ಫೋನ್ಸೊ ಸ್ಥಾಪಿಸಿದ ವಿದ್ಯಾಲಯ ಇದು. ಹದಿನಾರನೆಯ ಶತಮಾನದ ಅದರ ಮುಂಭಾಗದ ಕೆತ್ತನೆಯಲ್ಲಿ ಎಲ್ಲೋ ಒಂದು ತಲೆಬುರುಡೆ, ಅದರ ಮೇಲೊಂದು ಕಪ್ಪೆ. ಬೇರೆಯವರ ನೆರವಿಲ್ಲದೆ ಕಪ್ಪೆಯನ್ನು ಕಂಡ ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತೀರ್ಣನಾಗುತ್ತಾನೆಂಬ ನಂಬಿಕೆ. ಎಲ್ಲಿದೆ ಎಂದು ಇಲ್ಲಿ ಬರೆದು ನಿಮ್ಮ ಫಲಿತಾಂಶ ಕೆಡಿಸುವುದಿಲ್ಲ, ನೀವೂ ಅಂತರಜಾಲದಲ್ಲಿ ಹುಡುಕಬೇಡಿ. ಒಳಗೆ ಸನ್ಯಾಸಿಯೂ ಕವಿಯೂ ಆಗಿದ್ದ ಫ್ರಾಯ್ ಲೂಯಿಸ್ ದೆ ಲೆಯೋನ್ ಪಾಠ ಹೇಳಿದ ಕೊಠಡಿಯನ್ನು, ಒರಟಾಗಿ ಕಡಿದ ಮರದ ಬೆಂಚುಗಳ ಸಮೇತ ಉಳಿಸಿಕೊಂಡಿದ್ದಾರೆ. 1572ರಲ್ಲಿ ಚರ್ಚಿನ ಧರ್ಮದ್ರೋಹ ವಿಚಾರಣಾ ಮಂಡಳಿಯಾದ ಇನ್‌ಕ್ವಿಸಿಷನ್ ಅವರನ್ನು ಸೆರೆಗೆ ಹಾಕಿತು. ಸುಮಾರು ಐದು ವರ್ಷದ ನಂತರ ಬಿಡುಗಡೆಯಾಗಿ ಬಂದವರು ಪೀಠವೇರಿ, ನಿನ್ನೆ ಹೇಳುತ್ತಿದ್ದಂತೆ ಎಂದು ಪಾಠ ಮುಂದುವರಿಸಿದರೆಂದು ಐತಿಹ್ಯ. ಆ ಬೆಂಚುಗಳನ್ನು ನೋಡಿದರೆ ಕುಳಿತವರ ಬೆನ್ನುಗಳ ಬಗ್ಗೆಯೂ ಕನಿಕರವಾಗುತ್ತದೆ.

ಮನೆಗೆ ಫೋನ್ ಮಾಡಲು ನಾನು ಸೂಚಿಸುವ ವೇಳೆ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ. ನಿಮ್ಮ ಊಟ ಮುಗಿದಿರುತ್ತದೆ, ಅಂಗಡಿ ಕಚೇರಿಗಳೆಲ್ಲ ಮುಚ್ಚಿರುತ್ತವೆ, ಧಾರವಾಡದಲ್ಲಿ ಆಗ ಸಂಜೆ ಏಳರಿಂದ ಎಂಟು, ಮನೆಯವರೂ ಬಿಡುವಾಗಿರುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಸ್ಪೇನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ಅಂತರ ನಾಲ್ಕೂವರೆ ಗಂಟೆಯಾಗುತ್ತದೆ. ಅದನ್ನು ಅಮ್ಮನಿಗೆ ಮುಂಚೆಯೇ ತಿಳಿಸಿರಿ, ಇಲ್ಲವಾದರೆ ಆ ದಿನ ಏಳು ಗಂಟೆಗೆ ಫೋನ್ ಬರಲಿಲ್ಲವೆಂದು ಅವರು ಗಾಬರಿಯಿಂದ ನನಗೆ ಪತ್ರ ಬರೆದಾರು.